ಡಿಕ್ಕಿಯ ಕಾವು, ನನ್ನ ತಲಿನೋವು

ದೋಸೆ ಹಿಟ್ಟಿನ ಡಬ್ಬಿ ಮುಚ್ಚಳ ಹಾರಿ ಡಿಕ್ಕಿ ತುಂಬ ಹಿಟ್ಟು ಚೆಲ್ಲಿದ ದಿವಸ ಮಗಗ ಸರಿಯಾಗಿ ಬೈದಿದ್ದೆ. ಈಗ ನೋಡಿದ್ರ ಆ ಹಿಟ್ಟಿಗೇ ಕೈ ಮುಗೀಬೇಕು ಅನಸ್ತದ.

ಕಳದ ವರ್ಷ ನಾವಿಬ್ರೂ ಮಗನ ಮನಿಗೆ, ಕ್ಯಾಲಿಫೋರ್ನಿಯಾಕ್ಕ ಹೋಗಿದ್ದು ನಿಮಗೆಲ್ಲಾ ಗೊತ್ತದ. ಅವಂಗ ಹಳೇ ಗಾಡಿ ಹುಚ್ಚು. "ಅವ್ವಾ, ಫಿಯಾಟ್ ತಗೊಂಡೇನಿ" ಅಂತ ಫೋನಿನಾಗ ಹೇಳಿದಾಗ ನಂಗ ನಮ್ಮ ಅಪ್ಪಾರ ಪದ್ಮಿನಿ ಗಾಡಿನೇ ಕಣ್ಣಮುಂದ ಬಂತು. ಹುಬ್ಬಳ್ಳಿಯಿಂದ ಗೋಕರ್ಣದ ತನಕ ಏಳು ಮಂದಿ ಕೂತು ಹೋಗಿದ್ವಿ ಅದರಾಗ. ಇದು ನೋಡಿದ್ರ ಬ್ಯಾರೇನ. ಎಕ್ಸ್ ವನ್ ನೈನ್ ಅಂತ ಹೆಸರು, 1972ರಾಗ ಇಟಲಿಯೊಳಗ ಹೊರಗ ಬಂದ ಸ್ಪೋರ್ಟ್ಸ್ ಗಾಡಿ. ಎರಡ ಸೀಟು. ನೆಲಕ್ಕ ಹತ್ತಿ ಕೂತಂಗ ಕೂಡಬೇಕು, ಏಳುವಾಗ ಮೊಣಕಾಲು ಅಯ್ಯೋ ಅಂತಾವ. ಇಂಜಿನ್ ನಮ್ಮ ಬೆನ್ನ ಹಿಂದ. ಡಿಕ್ಕಿ ಮಾತ್ರ ಎರಡು, ಮುಂದೊಂದು, ಇಂಜಿನ್ನಿನ ಹಿಂದೊಂದು. ಮ್ಯಾಲಿನ ಮುಚ್ಚಳ ತಗದ್ರ ಅದನ್ನ ಮುಂದಿನ ಡಿಕ್ಕಿಯೊಳಗ ಇಡಬೇಕು. ಹಿಂಗಾಗಿ ನಮ್ಮ ಕಾಯಿಪಲ್ಯ, ಹಾಲು, ಹಿಟ್ಟು ಎಲ್ಲಾ ಹಿಂದಿನದಕ್ಕ.

ಆ ಹಿಂದಿನ ಡಿಕ್ಕಿ ಕೆಳಗೇ ಸೈಲೆನ್ಸರ್ ಮಲಗೇದ. ಮುಂದಿನ ಗ್ವಾಡಿಗೆ ಇಂಜಿನ್ನಿನ ಕಾವು, ತಳಕ್ಕ ಸೈಲೆನ್ಸರಿನ ಕಾವು. ಇಂಡಿಯನ್ ಅಂಗಡಿಯಿಂದ ಮನಿಗೆ ಅರ್ಧ ತಾಸಿನ ದಾರಿ. ಅಷ್ಟರಾಗ ಕೊತಂಬ್ರಿ ಬಾಡಿ, ಬೆಣ್ಣಿ ನೀರಾಗಿ, ಹಿಟ್ಟು ಉಕ್ಕಿ ಡಬ್ಬಿ ಒಡದಂಗ ಆತು. ಡಿಕ್ಕಿ ತಳಕ್ಕ ಕೈ ಹಚ್ಚಿದ್ರ ಈಗಷ್ಟ ಒಲಿಯಿಂದ ಇಳಿಸಿದ ಹಂಚಿನಂಗ ಸುಡ್ತಿತ್ತು.

ಮಗನ ಗೆಳ್ಯಾರೆಲ್ಲಾ ಒಂದ ಮಾತು, "ಹಳೇ ಗಾಡಿ ಅಂದ್ರ ಹಿಂಗ ಆಂಟಿ, ಕೆಳಗ ಕಾವು ತಡಿಯೋ ಹಾಸಿಗಿ ಹಾಸಿದ್ರ ಆತು." ಬೆಳ್ಳಿ ಬಣ್ಣದ ಹಾಳಿ ಅಂಟಿಸಿದ ಮೆತ್ತನ್ನ ಚಾಪಿ ಸಿಗ್ತದಲ್ಲ, ಅದು. ಮಗ ಅವತ್ತ ರಾತ್ರಿನೇ ತರಿಸಲಿಕ್ಕೆ ಕೂತ. ನಾ ಬ್ಯಾಡ ಅಂದೆ. ಯಾಕಂದ್ರ ನಂಗ ಹಿಟ್ಟಿನಕಿಂತ ಇನ್ನೊಂದು ವಿಷಯ ಕೊರೀಲಿಕ್ಕೆ ಹತ್ತಿತ್ತು.

ಆ ಗಾಡಿಯೊಳಗ ಹೋಗಿ ಬಂದ ದಿವಸ ನಂಗ ತಲಿನೋವು. ಹಣಿ ಹಿಂಡಿದಂಗ, ಹೊಟ್ಟಿ ತೊಳಸಿದಂಗ. ಮನಿ ಮುಂದಿನ ಬಯಲಾಗ ಒಂದು ತಾಸು ಕೂತ್ರ ತಾನ ಕಡಿಮಿ ಆಗೂದು. ನಮ್ಮನಿಯವರು ಬಿ.ಪಿ. ಅಂದ್ರು. ಮಗ ಬಿಸಲು ಅಂದ. "ನಿನ್ನ ವಯಸ್ಸಿಗೆ" ಅಂತ ಶುರು ಮಾಡಿದ್ದ, ನಾ ನೋಡಿದ ನೋಟಕ್ಕ ಅಲ್ಲೇ ನಿಲ್ಲಿಸಿದ. ಅಕ್ಕಾ, ವೈನಿ, ನೀವ ಹೇಳ್ರಿ, ನಮಗ ತಲಿನೋವು ಅಂದ್ರ ಯಾರರೆ ಗಾಡಿ ಕೆಳಗ ಬಗ್ಗಿ ನೋಡ್ಯಾರೇನು? ಸೊಸಿ ಗಾಡಿಯೊಳಗ ಹೋದಾಗ ನಂಗ ತಲಿನೋವಿಲ್ಲ, ಇದರಾಗ ಹೋದ್ರಷ್ಟ ಅದ. ಬಿ.ಪಿ.ಗೆ ಗಾಡಿ ಗುರತು ಹತ್ತತದೇನು?

ಒಲಿ ಮನಿಯೊಳಗ ಬೆಳದಾಕಿ ನಾನು. ಅಡಗಿಮನಿಯೊಳಗ ಕಣ್ಣು ಉರಿದ್ರ ನಮ್ಮವ್ವ ಗ್ವಾಡಿಗೆ ಕಂಬಳಿ ಕಟ್ತಿದ್ದಿಲ್ಲ, ಹೊಗಿ ಕೊಳವಿ ಎಲ್ಲೆ ಒಡದದ ಅಂತ ನೋಡ್ತಿದ್ದಳು. ಗಾಡಿಗೂ ಅದ ನ್ಯಾಯ. ಸೈಲೆನ್ಸರಿನ ಸಂದಿಯೊಳಗ ಒಡಕು ಇದ್ರ ಬಿಸಿ ಹೊಗಿ ಸೀದಾ ಡಿಕ್ಕಿ ತಳಕ್ಕ ಊದತದ. ಅಲ್ಲಿ ತೂತಿದ್ರ ಒಳಗ ಬರ್ತದ, ಇಂಜಿನ್ ಕಡೆಯಿಂದ ಸೀಟಿನ ತನಕಾನೂ ಬರಬಹುದು. ಮ್ಯಾಲಿನ ಮುಚ್ಚಳ ತಗದು ಓಡಿಸಿದಾಗಂತೂ ಹಿಂದಿನ ಗಾಳಿ ಸುಳಿ ತಿರಗಿ ಮುಂದಕ್ಕ ಬರ್ತದ. ಆ ಹೊಗಿಯೊಳಗ ಕಾರ್ಬನ್ ಮೊನಾಕ್ಸೈಡ್ ಇರ್ತದ. ಅದಕ್ಕ ಬಣ್ಣಿಲ್ಲ, ವಾಸನಿ ಇಲ್ಲ. ರಕ್ತದೊಳಗ ಆಮ್ಲಜನಕ ಕೂಡೋ ಜಾಗಾದಾಗ ತಾನ ಹೋಗಿ ಕೂಡ್ತದ. ಮೊದಲ ಬರೂದ ತಲಿನೋವು, ತಲಿ ತಿರುಗೂದು, ವಾಕರಿಕಿ. ಹೆಚ್ಚಾದ್ರ ಓಡಿಸಾವರಿಗೇ ಎಚ್ಚರ ತಪ್ಪತದ.

ಚಾಪಿ ಹಾಸಿ ಕಾವು ಮುಚ್ಚಿದ್ರ ಏನಾಗ್ತಿತ್ತು? ಹಿಟ್ಟು ಉಳೀತಿತ್ತು. ಹೊಗಿನೂ ಉಳೀತಿತ್ತು. ಅದಕ್ಕ ನನ್ನ ಅಭಿಪ್ರಾಯ ಒಂದ, ಡಿಕ್ಕಿ ಸುಡ್ಲಿಕ್ಕೆ ಹತ್ತಿದ್ರ ಮೊದಲ ಒಡಕು ಹುಡುಕಬೇಕು, ಚಾಪಿ ಕಡೀಕ.

ಮಗ ಒಪ್ಪಲಿಲ್ಲ. "ಮನಿಯೊಳಗಿನ ಅಲಾರಾಂ ಗಾಡಿಯೊಳಗ ಇಟ್ಟು ನೋಡೂಣು, ಹೊಡಕೊಳ್ಳಲಿಲ್ಲಂದ್ರ ಏನೂ ಇಲ್ಲ" ಅಂದ. ಅಲ್ಲಿ ಮನಿಮನಿಗೂ ಆ ಅಲಾರಾಂ ಇರ್ತದ, ಕ್ಯಾಲಿಫೋರ್ನಿಯಾದಾಗ 2011ರಿಂದ ಕಾಯದೇನ ಅದ. ಸೊಸಿ ಅದರ ಪುಸ್ತಕ ತಗದು ಓದಿದಳು. 70 ಪಿ.ಪಿ.ಎಂ. ಹೊಗಿ ಇದ್ರ ಅದು ಕೂಗೂದು ಒಂದು ತಾಸಿನಿಂದ ನಾಕು ತಾಸಿನೊಳಗ ಅಂತ! ನಮ್ಮ ದಾರಿ ಅರ್ಧ ತಾಸಿಂದು. ಅಂದ್ರ ಅದು ಸುಮ್ಮನ ಕೂತದ ಅಂತ ನಾವು ಸುಮ್ಮನ ಕೂಡೋ ಹಂಗಿಲ್ಲ. ಆಮ್ಯಾಲೆ ಅಂಕಿ ತೋರಸೋ ಸಣ್ಣ ಯಂತ್ರ ತರಿಸಿದ. ಮುಚ್ಚಳ ತಗದು ಹತ್ತು ನಿಮಿಷ ಓಡಿಸಿದ್ವಿ. ಅಂಕಿ ಸೊನ್ನೆ ಬಿಟ್ಟು ಏರಲಿಕ್ಕೆ ಹತ್ತಿತು. ಮಗನ ಮಾರಿ ಇಳೀತು. ಅವತ್ತಿಂದ ಗಾಡಿ ಮನಿ ಮುಂದ ನಿಂತಿತು, ಕೀಲಿಕೈ ನನ್ನ ಪರ್ಸಿನಾಗ.

ಒಡಕು ಹುಡುಕಿದ್ದು ಹೆಂಗ ಅಂತ ಕೇಳಿದ್ರ ನಗ್ತೀರಿ. ಗ್ಯಾಸ್ ಸಿಲಿಂಡರಿಗೆ ರೆಗ್ಯುಲೇಟರ್ ಹಾಕಿದ ಮ್ಯಾಲೆ ನಾವು ಸಾಬೂನ ನೀರು ಹಚ್ಚಿ ನೋಡ್ತೀವಲ್ಲ, ಅದ ರೀತಿ. ಇಂಜಿನ್ ಪೂರ್ತಿ ಆರಿರಬೇಕು. ಕಸ ಎಳಿಯೋ ವ್ಯಾಕ್ಯೂಮನ್ನ ಉಲ್ಟಾ, ಗಾಳಿ ಊದೋ ಹಂಗ ಮಾಡಿ ಸೈಲೆನ್ಸರಿನ ಬಾಯಿಗೆ ಹಚ್ಚಿದ್ವಿ. ಮಗ ಗಾಡಿ ಎತ್ತಿ ಭದ್ರ ಸ್ಟ್ಯಾಂಡ್ ಕೊಟ್ಟು ಕೆಳಗ ಸರದು ಸಂದಿಸಂದಿಗೂ ಸಾಬೂನ ನೀರು ಸಿಂಪಡಿಸಿದ. ಸೈಲೆನ್ಸರಿಗೆ ಕೊಳವಿ ಕೂಡೋ ಕಡೆ ಗುಳ್ಳಿ ಗುಳ್ಳಿ! ಒರಿಸಿ ನೋಡಿದ್ರ ಸುತ್ತೂ ಕರಿ ಮಸಿ, ಗ್ಯಾಸ್ಕೆಟ್ ಸುಟ್ಟು ಹೋಗಿತ್ತು. ರಾತ್ರಿ ಸೊಸಿ ಡಿಕ್ಕಿಯೊಳಗ ಬ್ಯಾಟರಿ ಹಿಡದಳು, ಅವನು ಕೆಳಗಿಂದ ನೋಡಿದ. ಎರಡು ಕಡೆ ಬೆಳಕು ಕಂಡಿತು. ತಳದ ತೂತಿನ ಬಿರಡಿ ಬಿದ್ದು ಎಷ್ಟು ವರ್ಷ ಆಗಿತ್ತೋ ಏನೋ. ಡಿಕ್ಕಿಗೂ ಸೈಲೆನ್ಸರಿಗೂ ನಡುವ ಇರಬೇಕಾದ ತಗಡೂ ಇದ್ದಿಲ್ಲ, ಮೊದಲಿನ ಮಾಲಕ ತಗದವ ತಿರಗಿ ಹಾಕಿಲ್ಲ.

ಗ್ಯಾಸ್ಕೆಟ್ ಹೊಸಾದು ಆತು, ತೂತು ಮುಚ್ಚಿದ್ವಿ, ಅಂಕಿ ಸೊನ್ನೆಗೆ ಬಂತು. ಆ ಮ್ಯಾಲೇ ಕಾವಿನ ಮಾತು. ಗ್ಯಾರೇಜಿನ ಅಜ್ಜ ಒಬ್ಬರು ಇಂಜಿನ್ನಿನ ಟೈಮಿಂಗ್ ನೋಡಿಕೊಟ್ರು. ಕಿಡಿ ತಡಾ ಹತ್ತಿದ್ರ ಬೆಂಕಿ ಒಳಗ ಕೆಲಸ ಮುಗಸೋದ್ರಾಗ ಹೊರಗ ಹೊಂಡತದ, ಕೊಳವಿ ಇನ್ನೂ ಹೆಚ್ಚು ಕಾಯ್ತದ ಅಂತ. ಇವನ ಗಾಡಿಯೊಳಗ ಅದೂ ತಡಾನೇ ಇತ್ತು.

ತಗಡು ಹಾಕುವಾಗ ನಮ್ಮಿಬ್ಬರದು ಮತ್ತೊಂದು ವಾದ. ಮಗ ಅಲ್ಯೂಮಿನಿಯಂ ತಗಡು ಡಿಕ್ಕಿ ತಳಕ್ಕ ಅಂಟಿಸ್ತೀನಿ ಅಂದ. ಅಂಟಿಸಿದ್ರ ತಗಡಿನ ಕಾವು ತಳಕ್ಕ ಇಳೀತದಲ್ಲೋ! ಹಾಟ್ ಬಾಕ್ಸಿನ ಎರಡು ಗ್ವಾಡಿ ನಡುವ ಸಂದಿ ಯಾಕ ಇಟ್ಟಾರ? ಕಡೀಕ ಸಣ್ಣ ಸಣ್ಣ ಕೊಳವಿ ತುಂಡು ಕೊಟ್ಟು ಬೆರಳಿನ ದಪ್ಪ ಸಂದಿ ಬಿಟ್ಟು ಕೂಡಿಸಿದ. ಹೊಳಿಯೋ ಮಾರಿ ಕಾವನ್ನ ತಿರಗಿ ಕಳಸ್ತದ, ಸಂದಿಯೊಳಗ ಗಾಳಿ ಆಡ್ತದ. ಕೊಳವಿಗೆ ನಾರಿನ ಪಟ್ಟಿ ಸುತ್ತೂದನ್ನ ಮಾತ್ರ ನಾ ಒಪ್ಪಲಿಲ್ಲ. ಕಾವು ಕಡಿಮಿ ಆಗ್ತದ ಖರೆ. ಆದ್ರ ಪಟ್ಟಿ ನೀರು ಹಿಡದು ಕಬ್ಬಿಣದ ಕೊಳವಿ ತುಕ್ಕು ತಿನ್ನತದ. ಹಸಿ ಬಟ್ಟಿ ಸುತ್ತಿಟ್ಟ ಕಬ್ಬಿಣದ ಹಂಚು ಏನಾಗ್ತದ, ನಮಗ ಗೊತ್ತಿಲ್ಲೇನು? ತುಕ್ಕು ತಿಂದು ತೂತಾದ್ರ ಮತ್ತ ಅದ ಹೊಗಿ.

ಎಲ್ಲಾ ಮುಗದ ಮ್ಯಾಲೆ ಚಾಪಿ ಹಾಸ್ಲಿಕ್ಕೆ ಹೂಂ ಅಂದೆ.

ಪರೀಕ್ಷಾ ನಾನ ಮಾಡಿದೆ. ಬಟ್ಟಲಾಗ ಬೆಣ್ಣಿ ಮುದ್ದಿ ಇಟ್ಟು ಅದ ಅಂಗಡಿಗೆ ಹೋಗಿ ಬಂದ್ವಿ. ಬೆಣ್ಣಿ ಮೆತ್ತಗಾಗಿತ್ತು, ನೀರಾಗಿದ್ದಿಲ್ಲ. ನಂಗ ತಲಿನೋವೂ ಬರಲಿಲ್ಲ. "ಬಿ.ಪಿ. ಗುಳಿಗಿ ಹತ್ತಿರಬೇಕು" ಅಂದ್ರು ನಮ್ಮನಿಯವರು.

ಬೆಣ್ಣಿ ಮೆತ್ತಗಾಗೋ ಜಾಗಾದಾಗ ಮೊಸರು ಇಡೋದು ನಂಗ ಇನ್ನೂ ಧೈರ್ಯ ಇಲ್ಲ. ಅಲ್ಲಿದ್ದಷ್ಟು ದಿವಸ ಮೊಸರಿನ ಡಬ್ಬಿ ನನ್ನ ತೊಡಿ ಮ್ಯಾಲೇ ಕೂತು ಬರ್ತಿತ್ತು.