ಕೈ ತಪ್ಪಲ್ಲ, ಅಳತೆ ತಪ್ಪು

ಮಕ್ಕಳೇ, ನಾನು ಚಿಕ್ಕವನಿದ್ದಾಗ ಹಳಿಯಾಳದ ಶಾಲೆಗೆ ಪಾಟಿ, ಬಳಪ ಒಯ್ಯುತ್ತಿದ್ದೆ. ಈಗ ದಾಂಡೇಲಿಯ ನಮ್ಮ ಮನೆಗೆ ಹೊಸ ಕಾಲದ ಪಾಟಿ ಬಂದಿದೆ. ಹೆಸರು ಗ್ರಾಫಿಕ್ಸ್ ಟ್ಯಾಬ್ಲೆಟ್. ಅದರ ಮೇಲೆ ಪೆನ್ನು ಆಡಿಸಿದರೆ ಗೆರೆ ಮೂಡುವುದು ಕಂಪ್ಯೂಟರಿನ ಪರದೆಯ ಮೇಲೆ.

ಐದನೇ ತರಗತಿಯ ಮೊಮ್ಮಗಳು ಅದರಲ್ಲಿ ಮಂಗಟ್ಟೆ ಹಕ್ಕಿ ಬಿಡಿಸಲು ಕೂತಳು. ನಮ್ಮ ಕಾಡಿನ ದೊಡ್ಡ ಮಂಗಟ್ಟೆಗಳಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಹಾಗಾಗಿ ಕಣ್ಣಿನ ಮೇಲೆ ಅವಳಿಗೆ ಬಹಳ ಕಾಳಜಿ. ಆದರೆ ದುಂಡಗೆ ಬರೆದ ಕಣ್ಣು ಪರದೆಯಲ್ಲಿ ಚಪ್ಪಟೆ! ಮೂರು ಸಲ ಅಳಿಸಿದಳು. ನಾಲ್ಕನೇ ಸಲ ಪೆನ್ನು ಕೆಳಗಿಟ್ಟು, “ಅಜ್ಜಾ, ನನಗ ಚಿತ್ರ ಬರಂಗಿಲ್ಲ” ಅಂದಳು. ಕಣ್ಣಲ್ಲಿ ನೀರು.

ಕಾಗದದ ಮೇಲೆ ಅಷ್ಟು ಚೆಂದ ಬರೆಯುವ ಹುಡುಗಿ! ನನಗೆ ಸಂಶಯ ಬಂತು. ಅಜ್ಜಿಯ ಗಾಜಿನ ಬಳೆಯನ್ನು ಪಾಟಿಯ ಮೇಲಿಟ್ಟು, “ಇದರ ಸುತ್ತ ಪೆನ್ನು ಓಡಿಸು ನೋಡೋಣು” ಅಂದೆ. ಬಳೆಯೂ ಚಪ್ಪಟೆಯಾಗಿಯೇ ಬಂತು. ಅಂದಮೇಲೆ ತಪ್ಪು ಕೈಯದಲ್ಲ.

ಸ್ಕೇಲು ಹಿಡಿದು ಅಳೆದೆವು. ಪಾಟಿಯಲ್ಲಿ ಬರೆಯುವ ಜಾಗ 16 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಪರದೆಯ ಪ್ರಮಾಣ 16ಕ್ಕೆ 9. ಕಂಪ್ಯೂಟರು ಪಾಟಿಯ ನಾಲ್ಕು ಮೂಲೆಗಳನ್ನು ಪರದೆಯ ನಾಲ್ಕು ಮೂಲೆಗಳಿಗೆ ಹೊಂದಿಸಿಕೊಂಡಿತ್ತು. ಹಾಗಾಗಿ 10 ಪಾಲಿನ ಎತ್ತರ 9 ಪಾಲಿನಲ್ಲಿ ಹಿಡಿಯಬೇಕಾಯಿತು. ವೃತ್ತ ಚಪ್ಪಟೆಯಾಗದೆ ಇನ್ನೇನಾದೀತು? ಪಾಟಿಯ 1 ಸೆಂ.ಮೀ. ಪಟ್ಟಿಯನ್ನು ಬಳಸದೆ ಬಿಟ್ಟರೆ ಲೆಕ್ಕ ಸರಿ.

ನಮ್ಮದು ಲಿನಕ್ಸ್ ಕಂಪ್ಯೂಟರ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ ಲಿನಕ್ಸನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ನಿಮ್ಮಲ್ಲಿ ಉಬುಂಟು ಲಿನಕ್ಸ್ ಇದ್ದರೆ ಪಾಟಿಯನ್ನು ಜೋಡಿಸಿ, ಸೆಟ್ಟಿಂಗ್ಸ್ ತೆರೆಯಿರಿ. ಅಲ್ಲಿ ಟ್ಯಾಬ್ಲೆಟ್ಟಿನ ಪುಟದಲ್ಲಿ ‘ಕೀಪ್ ಆಸ್ಪೆಕ್ಟ್ ರೇಷಿಯೊ’ ಎಂಬ ಗುಂಡಿ ಇರುತ್ತದೆ. ಅಗಲ–ಎತ್ತರಗಳ ಪ್ರಮಾಣ ಕಾಯ್ದುಕೋ ಎಂದು ಅದರರ್ಥ. ಅದನ್ನು ಒತ್ತಿದರೆ ಆ ಪಟ್ಟಿಯನ್ನು ಕಂಪ್ಯೂಟರೇ ಬಿಟ್ಟುಕೊಳ್ಳುತ್ತದೆ. ಮೆಲ್ಲಗೆ ಒತ್ತುವ ಪುಟ್ಟ ಕೈಗೆ ಪೆನ್ನಿನ ಒತ್ತಡವನ್ನೂ ಅಲ್ಲೇ ಮೃದು ಮಾಡಬಹುದು. ಎಡಗೈಯವರಿಗೂ ಒಂದು ಗುಂಡಿ ಇದೆ. ಅದನ್ನು ಒತ್ತಿ, ಪಾಟಿಯನ್ನು ತಿರುಗಿಸಿಟ್ಟರೆ ಆಯಿತು. ನಮ್ಮ ಕಾಲದಲ್ಲಿ ಎಡಗೈಯಲ್ಲಿ ಬಳಪ ಹಿಡಿದರೆ ಬೆರಳಿಗೆ ಏಟು ಬೀಳುತ್ತಿತ್ತು!

ಮೊಮ್ಮಗಳು ಮತ್ತೆ ಬಳೆಯಿಟ್ಟು ನೋಡಿದಳು. ದುಂಡಗೆ ಬಂತು. ಆಮೇಲೆ ಬಳೆ ತೆಗೆದಿಟ್ಟು ತಾನೇ ಕಣ್ಣು ಬರೆದು ಕೆಂಪು ತುಂಬಿದಳು. “ಇದು ಗಂಡು ಹಕ್ಕಿ, ಅಜ್ಜಾ!”

ಅಜ್ಜ-ಅಜ್ಜಿಯರೇ, ಮೊಮ್ಮಕ್ಕಳು “ನನಗ ಬರಂಗಿಲ್ಲ” ಅಂದಾಗ ಒಮ್ಮೆ ಬಳೆಯಿಟ್ಟು ನೋಡಿ. ಮಕ್ಕಳೇ, ನಿಮಗೊಂದು ಲೆಕ್ಕ: ಪರದೆ ಇದೇ 16ಕ್ಕೆ 9, ಪಾಟಿ ಮಾತ್ರ 32 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ. ಎಷ್ಟು ಪಟ್ಟಿ ಬಿಡಬೇಕು? ಮನೆಯ ಹಿರಿಯರಿಗೆ ಹೇಳಿ ತೋರಿಸಿ.