ಫಾರ್ವರ್ಡ್ ಮಾಡುವ ಮೊದಲು ಸನದು ಕೇಳೋಣ

ನಾನು ಮದ್ರಸದಲ್ಲಿ ಕಲಿಸಲು ಸೇರಿದ ಹೊಸತರಲ್ಲಿ ಗಲ್ಫ್‌ನಿಂದ ಕಾಗದ ಬಂದರೆ ಕೆಲವು ಉಮ್ಮಂದಿರು ಅದನ್ನು ಓದಿಸಲು ಉಸ್ತಾದರ ಹತ್ತಿರ ತರುತ್ತಿದ್ದರು. ಮಗನ ಸ್ವರ ಕೇಳಬೇಕಾದರೆ ಶುಕ್ರವಾರ ಎಸ್‌ಟಿಡಿ ಬೂತಿನಲ್ಲಿ ಕಾಯಬೇಕಿತ್ತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ಅಡುಗೆ ಮನೆಯವರೆಗೂ ಇಂಟರ್ನೆಟ್ ಬಂತು. ದುಬೈಯಲ್ಲಿ ವಾಟ್ಸ್‌ಆ್ಯಪ್ ಕಾಲ್ ನಡೆಯದಿದ್ದರೂ ಬೋಟಿಮ್‌ನಲ್ಲಿ ತಂದೆ ದಿನಾ ಮಗುವಿನ ಮುಖ ನೋಡುತ್ತಾನೆ. ಇದು ದೊಡ್ಡ ನಿಅಮತ್. ಮೊಬೈಲೇ ಹರಾಮ್ ಅಂತ ಹೇಳುವವನು ನಾನಲ್ಲ.

ಆದರೆ ಆ ಕಾಗದದಲ್ಲಿ ಬರೆದವನ ಹೆಸರಿತ್ತು. ಈಗ ಬರುವ ಮೆಸೇಜಿಗೆ ಹೆಸರೇ ಇಲ್ಲ.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಹೈದರಾಬಾದಿನಿಂದ ಬಂದ ಸ್ನೇಹಿತರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. 'ಮಕ್ಕಳ ಕಳ್ಳರು' ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮ ತಲುಪಿತು. ಜನ ರಸ್ತೆ ಅಡ್ಡಗಟ್ಟಿ ಹೊಡೆದರು. ಒಬ್ಬ ಇಂಜಿನಿಯರ್ ಯುವಕ ಸತ್ತೇ ಹೋದ. ಅಂಥ ಸಾವುಗಳು ಹೆಚ್ಚಿದ ಮೇಲೆ ವಾಟ್ಸ್‌ಆ್ಯಪ್ ಕಂಪೆನಿ ಭಾರತದಲ್ಲಿ ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವಂತೆ ಮಿತಿ ಹಾಕಿತು. ಕಂಪೆನಿ ಮಿತಿ ಹಾಕಿತು, ನಾವು ಹಾಕಿಕೊಂಡೆವಾ?

ಬೀದರ್ ದೂರ ಅನ್ನಬೇಡಿ. ಕಳೆದ ವರ್ಷ ನಮ್ಮ ಮದ್ರಸದ ಹತ್ತಿರವೇ ಕಂಬಳಿ ಮಾರುವ ಉತ್ತರ ಭಾರತದ ಮುದುಕನೊಬ್ಬನನ್ನು ಹುಡುಗರು ಸುತ್ತುವರಿದಿದ್ದರು. ಕೈಯಲ್ಲಿ ಒಂದು ವಾಯ್ಸ್ ಮೆಸೇಜ್. "ಯಾರ ಸ್ವರ ಇದು?" ಕೇಳಿದೆ. "ಗೊತ್ತಿಲ್ಲ ಉಸ್ತಾದ್, ಗ್ರೂಪಲ್ಲಿ ಬಂತು." ಗ್ರೂಪಿಗೆ ಹಾಕಿದವನನ್ನು ಕೇಳಿದರೆ ಅವನಿಗೆ ಇನ್ನೊಂದು ಗ್ರೂಪಿಂದ ಬಂದದ್ದು. ಮುದುಕನ ಕೈ ನಡುಗುತ್ತಿತ್ತು. ಆ ಹುಡುಗರಲ್ಲಿ ಮೂವರು ನನ್ನ ಹತ್ತಿರವೇ ಕಲಿತವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕೆಂದರೆ ಹದೀಸ್ ಅಂದರೆ ಸನದು ಬೇಕು ಎಂದು ಅವರಿಗೆ ಕಲಿಸಿದವನು ನಾನೇ. ಯಾರು ಯಾರಿಂದ ಕೇಳಿದರು, ಹೇಳಿದವನು ಸತ್ಯವಂತನೋ, ನೆನಪು ಗಟ್ಟಿ ಇದೆಯೋ ಎಂದು ಇಮಾಮರು ಊರೂರು ಸುತ್ತಿ ವಿಚಾರಿಸಿದರು. ಸುದ್ದಿ ತಂದರೆ ಪರೀಕ್ಷಿಸಿ ನೋಡಿ, ಇಲ್ಲದಿದ್ದರೆ ತಿಳಿಯದೆ ಜನರಿಗೆ ಹಾನಿ ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂಬ ಎಚ್ಚರಿಕೆ ಸೂರಾ ಹುಜುರಾತ್‌ನಲ್ಲಿದೆ. ಅದನ್ನು ಬಾಯಿಪಾಠ ಮಾಡಿಸಿದೆವು, ಮೊಬೈಲಿಗೂ ಅದು ಅನ್ವಯ ಅಂತ ಹೇಳಿಕೊಡಲಿಲ್ಲ. ತಪ್ಪು ನಮ್ಮದೂ ಇದೆ.

ಈಗ ನಾನು ದೊಡ್ಡ ಮಕ್ಕಳ ಕ್ಲಾಸಿನಲ್ಲಿ ವಾರಕ್ಕೊಮ್ಮೆ ಒಂದು ಮೆಸೇಜ್ ತೆಗೆದು ಮೂರು ಪ್ರಶ್ನೆ ಕೇಳಿಸುತ್ತೇನೆ: ಹೇಳಿದವರು ಯಾರು? ಎಲ್ಲಿ, ಯಾವಾಗ ಆದದ್ದು? ಸುಳ್ಳಾದರೆ ಪೆಟ್ಟು ಯಾರಿಗೆ? ಹೆಚ್ಚಿನವು ಮೊದಲ ಪ್ರಶ್ನೆಗೇ ಬಿದ್ದು ಹೋಗುತ್ತವೆ. ಜಮಾಅತ್ ಗ್ರೂಪಿನ ಅಡ್ಮಿನ್‌ಗಳೂ ಇದನ್ನೇ ಮಾಡಲಿ. ಮನೆಯಲ್ಲಿ ಮಕ್ಕಳು "ಉಮ್ಮ, ಇದರ ಸನದು ಎಲ್ಲಿ?" ಅಂತ ಕೇಳಿದರೆ ಬೈಯಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಆ ಮೆಸೇಜ್ ನಿಮ್ಮ ಮೊಬೈಲಿನಲ್ಲೇ ನಿಲ್ಲಲಿ.