ವಿಶ್ವಪೌರತ್ವವೂ ಸರಿಯಾದ ತೂಕವೂ

ವಿಶ್ವಪೌರತ್ವವು ಪಶ್ಚಿಮದಿಂದ ಆಮದಾದ ಸರಕು, ಈ ನೆಲಕ್ಕೆ ಒಗ್ಗದು ಎನ್ನುವವರು ಒಮ್ಮೆ ಮಸ್ಕಿಯ ಬಂಡೆಯ ಮುಂದೆ ನಿಂತು ಬರಲಿ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಆ ಶಾಸನ, ‘ದೇವಾನಾಂಪ್ರಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಹೇಳಿತೆಂದು ಪ್ರಸಿದ್ಧವಾಯಿತು. ಆದರೆ ಅದರ ತಿರುಳು ಬೇರೆ: ಧರ್ಮಸಾಧನೆ ದೊಡ್ಡವರ ಸೊತ್ತಲ್ಲ, ಅಲ್ಪನಿಗೂ ಅದು ಸಾಧ್ಯ. ಮನುಷ್ಯನ ಯೋಗ್ಯತೆಗೆ ಸ್ಥಾನಮಾನವು ಅಳತೆಗೋಲಲ್ಲವಾದರೆ, ಹುಟ್ಟಿದ ನೆಲ ಹೇಗೆ ಅಳತೆಗೋಲಾದೀತು?

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಇದನ್ನೇ ರಾಜ್ಯಶಾಸ್ತ್ರದ ಭಾಷೆಯಲ್ಲಿ ವಾದಿಸಿದನು. ಭೂಮಿಯು ಗೋಲವಾದ್ದರಿಂದ ಮನುಷ್ಯರು ಅನಂತವಾಗಿ ಚದುರಿ ಹೋಗಲಾರರು. ಬಂದವನನ್ನು ಹಗೆಯಂತೆ ಕಾಣದಿರುವುದು ದಾನವಲ್ಲ, ಅವನ ಹಕ್ಕು. ಆದರೂ ಕಾಂಟ್ ಒಪ್ಪಿದ್ದು ಬಂದು ಹೋಗುವ ಹಕ್ಕನ್ನು, ನೆಲೆಸುವ ಹಕ್ಕನ್ನಲ್ಲ.

ಈ ಕೊರತೆ ಸಿಂಧನೂರಿನಲ್ಲಿ ಎದ್ದು ಕಾಣುತ್ತದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ದಶಕದಲ್ಲಿ ಸರ್ಕಾರವೇ ಅಲ್ಲಿನ ಕ್ಯಾಂಪುಗಳಲ್ಲಿ ನೆಲೆ ಕಲ್ಪಿಸಿತು. ಅನೇಕರಿಗೆ ಪೌರತ್ವದ ಪತ್ರ ದಶಕಗಳು ಕಳೆದರೂ ದೊರೆಯಲಿಲ್ಲ. ಸಿಂಧನೂರಿನ ಅಕ್ಕಿಗೂ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನಕ್ಕೂ ಪರಸ್ಥಳದಲ್ಲಿ ಸ್ವಾಗತವುಂಟು. ಬೆವರು ಸುರಿಸಿದ ಮನುಷ್ಯನಿಗೆ ಮಾತ್ರ ‘ನೀನು ಯಾರವನು?’ ಎಂಬ ಪ್ರಶ್ನೆ.

‘ಮೊದಲು ನಮ್ಮವರು’ ಎಂಬುದು ಪ್ರತಿವಾದಿಗಳ ಬಲವಾದ ಅಸ್ತ್ರ. ಸ್ವಜನರ ಮೇಲಿನ ವಿಶೇಷ ಕರ್ತವ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಂಗಡಿಯ ನ್ಯಾಯವನ್ನು ನೋಡಿರಿ: ಮಗನಿಗೆ ಹೆಚ್ಚು ಕೊಡುವುದು ತಂದೆಯ ಇಚ್ಛೆ, ಅಪರಿಚಿತ ಗಿರಾಕಿಗೆ ತೂಕದಲ್ಲಿ ಕಡಿಮೆ ಮಾಡುವುದು ಯಾರ ಹಕ್ಕೂ ಅಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಸುಳ್ಳು ತೂಕವೂ ಒಂದು. ಅಲ್ಲಿ ಗಿರಾಕಿಯ ಊರನ್ನಾಗಲಿ ಮತವನ್ನಾಗಲಿ ಕೇಳಿಲ್ಲ. ಪ್ರೀತಿಯಲ್ಲಿ ತರತಮವಿರಬಹುದು, ನ್ಯಾಯದಲ್ಲಿ ಸಲ್ಲದು.

2019ರ ಪೌರತ್ವ ತಿದ್ದುಪಡಿ ಕಾಯಿದೆ ಮೂರು ನೆರೆದೇಶಗಳಿಂದ 2014ರ ಅಂತ್ಯದೊಳಗೆ ಬಂದ ಆರು ಧರ್ಮದವರಿಗೆ ದಾರಿ ತೆರೆಯಿತು. 2024ರಲ್ಲಿ ನಿಯಮಗಳೂ ಬಂದವು. ಕ್ಯಾಂಪಿನವರಿಗೆ ಪರಿಹಾರ ದೊರೆಯುವುದು ನ್ಯಾಯವೇ. ಆದರೆ ಆರು ಹೆಸರುಗಳಲ್ಲಿ ಜೈನರದೂ ಇದೆಯೆಂಬ ತೃಪ್ತಿಯಿಂದ ಸಮಾಜವು ವಿಚಾರವನ್ನು ಮುಗಿಸುವುದಾದರೆ ಅದು ಸ್ವಾರ್ಥದ ಲೆಕ್ಕವೇ ಹೊರತು ಧರ್ಮವಲ್ಲ. ಪಟ್ಟಿಯ ಹೊರಗುಳಿದ ನಿರಾಶ್ರಿತನ ಜೀವವೂ ಜೀವವೇ.

ಪಂಚೇಂದ್ರಿಯದಿಂದ ಏಕೇಂದ್ರಿಯದವರೆಗೆ ಸಕಲ ಜೀವಿಗಳಿಗೂ ಅಭಯವನ್ನು ಬಯಸುವ ಶ್ರಾವಕನು, ಗಡಿ ದಾಟಿ ಬಂದ ಮನುಷ್ಯನೆದುರು ತಕ್ಕಡಿಯನ್ನು ವಾಲಿಸಿದರೆ ಅವನ ವ್ರತಕ್ಕೆ ಅರ್ಥವೇನು?